ಗಾಳಿಯ ಮೇಲೆ ಹಾಕಿದ ತಪ್ಪು

ನಮ್ಮ ಮನೆಯಲ್ಲಿ ಈ ಕಥೆಯನ್ನು ಯಾರೇ ಹೇಳಲಿ, ಗಾಳಿಯಿಂದಲೇ ಶುರುಮಾಡುತ್ತಾರೆ. ಮೇ ತಿಂಗಳು, ಮಧ್ಯಾಹ್ನ ಮೂರು ಗಂಟೆ, ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ, ಇದ್ದಕ್ಕಿದ್ದ ಹಾಗೆ ಕಂದು ಧೂಳಿನ ಗಾಳಿ ಎದ್ದಿತು, ತಾರಸಿಯ ಮೇಲಿದ್ದ ಟಿವಿ ಆಂಟೆನಾ ಕಂಬ ಉರುಳಿ ಕೋಕಿಲಾಬೇನ್ ಅವರ ಸೋಲಾರ್ ಕುಕ್ಕರ್ ಮೇಲೆ ಬಿತ್ತು, ಗಾಜೂ ಕನ್ನಡಿಯೂ ಪುಡಿಪುಡಿ. ಕೇಳಿದ ನೆಂಟರು "ಅಯ್ಯೋ, ಗಾಳಿಗೆ ಯಾರೇನು ಮಾಡೋಕಾಗುತ್ತೆ" ಎನ್ನುತ್ತಾರೆ. ಅಲ್ಲಿಗೆ ಕಥೆ ಮುಗಿದು ಕಾಫಿ ಬರುತ್ತದೆ.

ಎದುರಾಳಿ ಹೇಳಿದ್ದಕ್ಕಿಂತ ಹೇಳದೆ ಬಿಟ್ಟಿದ್ದನ್ನು ಹುಡುಕಬೇಕು ಎಂದು ಮೂರು ವರ್ಷ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಲಿತವಳು ನಾನು. ಈ ಕಥೆಯಲ್ಲಿ ಬಿಟ್ಟುಹೋಗಿರುವುದನ್ನು ಹುಡುಕಲು ಆ ಕಲಿಕೆಯೇನೂ ಬೇಕಿಲ್ಲ, ಏಕೆಂದರೆ ಬಿಟ್ಟವರಲ್ಲಿ ನಾನೂ ಒಬ್ಬಳು. ಬಿಟ್ಟುಹೋಗಿರುವುದು ಒಂದು ಕೊಡೆ. ಅಪ್ಪನ ಕೊಡೆ. ಬಾಗಿದ ಬೆತ್ತದ ಹಿಡಿಯ, ಬಿಚ್ಚಿದರೆ ಇಬ್ಬರು ಆರಾಮಾಗಿ ನಿಲ್ಲಬಹುದಾದ ಕಪ್ಪು ಕೊಡೆ. ತುಮಕೂರಿನಿಂದ ವಡೋದರಾಕ್ಕೆ ವರ್ಗವಾದಾಗ ಲಾರಿಗೆ ಹಾಕದೆ ಅಪ್ಪ ರೈಲಿನಲ್ಲಿ ಕೈಯಲ್ಲೇ ಹಿಡಿದು ತಂದಿದ್ದರು.

ಕೊಡೆ ತಾರಸಿಗೆ ಹೇಗೆ ಹೋಯಿತು ಎನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸಂಡಿಗೆ ಇಡುವ ಮನೆಯಲ್ಲಿ ಬೆಳೆದವರಿಗೆ ಕಾಗೆ ಕಾಯುವ ಕೆಲಸ ಗೊತ್ತು. ತುಮಕೂರಿನ ಮಹಡಿಯ ಮೇಲೆ ಹಳೆಯ ಪಂಚೆ ಹಾಸಿ, ಅಮ್ಮ ಅಕ್ಕಿಹಿಟ್ಟಿನ ಅಂಬಲಿಯನ್ನು ಚಮಚದಲ್ಲಿ ಸಾಲು ಸಾಲಾಗಿ ಬಿಟ್ಟು ಹೋಗುತ್ತಿದ್ದಳು. ಕೋಲು ಹಿಡಿದು ನಾನು ಕಾವಲು. ಎಂಟು ವರ್ಷದ ಕಾವಲುಗಾರ್ತಿಗೆ ಅರ್ಧ ಒಣಗಿದ ಸಂಡಿಗೆಯ ರುಚಿ ಗೊತ್ತಿದ್ದರೆ ಏನಾಗಬೇಕೋ ಅದೇ ಆಗುತ್ತಿತ್ತು. ಮೇಲೆ ಒಣಗಿ ಒಳಗೆ ಮೆತ್ತಗಿರುವ, ಜೀರಿಗೆ ಹಸಿಮೆಣಸಿನ ಖಾರ ನಾಲಿಗೆಗೆ ನಿಧಾನವಾಗಿ ತಾಗುವ ಆ ಸಂಡಿಗೆ ಕರಿದ ಮೇಲೆ ಎಲ್ಲಿ ಸಿಗಬೇಕು? ಸಂಜೆ ಅಮ್ಮ ಸಾಲು ಎಣಿಸಿ "ಈ ಮೂಲೇದೆಲ್ಲ ಏನಾಯ್ತೇ?" ಎಂದರೆ "ಕಾಗೆ ತಿಂತು" ಎನ್ನುತ್ತಿದ್ದೆ. "ಕೋಲು ಹಿಡ್ಕೊಂಡು ನೀನು ಏನ್ ಮಾಡ್ತಿದ್ದೆ?" "ದೊಡ್ಡ ಗುಂಪು ಬಂತಮ್ಮ, ಒಬ್ಬಳೇ ಏನ್ ಮಾಡ್ಲಿ?" ಊಹಿಸಲಾಗದ್ದು, ತಡೆಯಲಾಗದ್ದು. ಕಾನೂನಿನ ಆ ದೊಡ್ಡ ವಾದವನ್ನು ನಾನು ಮೂರನೇ ಕ್ಲಾಸಿನಲ್ಲೇ ಮಂಡಿಸಿದ್ದೆ ಎಂದು ಆಮೇಲೆ ತಿಳಿಯಿತು. ಅಮ್ಮ ನಂಬಲಿಲ್ಲ. ಮಾರನೆಯ ದಿನದಿಂದ ನನ್ನ ಜಾಗದಲ್ಲಿ ಈ ಕೊಡೆಯನ್ನು ಬಿಚ್ಚಿಟ್ಟಳು. ಕಪ್ಪು ಕೊಡೆ ಕಂಡರೆ ತುಮಕೂರಿನ ಕಾಗೆಗಳು ಹತ್ತಿರ ಸುಳಿಯುತ್ತಿರಲಿಲ್ಲ.

ವಡೋದರಾದ ಗೋರ್ವಾದಲ್ಲಿ ನಮ್ಮದು ಮೂರನೇ ಮಹಡಿಯ ಫ್ಲ್ಯಾಟು. ತಾರಸಿ ಇಡೀ ಸೊಸೈಟಿಗೆ ಸೇರಿದ್ದು. ಎರಡನೇ ಮಹಡಿಯ ಕೋಕಿಲಾಬೇನ್ ಬೆಳಿಗ್ಗೆಯೇ ತಮ್ಮ ಸೋಲಾರ್ ಕುಕ್ಕರನ್ನು ಅಲ್ಲಿಡುತ್ತಿದ್ದರು. ಒಳಗೆ ಕಪ್ಪು ಬಳಿದ ಪೆಟ್ಟಿಗೆ, ಮೇಲೊಂದು ಗಾಜು, ಬಿಸಿಲನ್ನು ಒಳಕ್ಕೆ ತಳ್ಳಲು ಎತ್ತಿ ನಿಲ್ಲಿಸಿದ ಕನ್ನಡಿ. ಬೇಳೆ ತನ್ನ ಪಾಡಿಗೆ ಬೇಯುತ್ತಿತ್ತು, ಆದರೆ ಸೂರ್ಯ ತಿರುಗಿದ ಹಾಗೆ ಪೆಟ್ಟಿಗೆಯನ್ನೂ ತಿರುಗಿಸಬೇಕು. ಕೋಕಿಲಾಬೇನ್‌ಗೆ ಮಂಡಿನೋವು. ಹಾಗಾಗಿ ಊಟವಾದ ಮೇಲೆ ಹತ್ತಿ ಹೋಗಿ ತಿರುಗಿಸಿ ಬರುತ್ತಿದ್ದವರು ನೆಲಮಹಡಿಯ ಮಣಿಲಾಲ್ ದಾದಾ.

ದಾದಾ ಮಿಲ್ಲಿನಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಇಡೀ ಸೊಸೈಟಿಯಲ್ಲಿ ನಲ್ಲಿ ಸೋರಲಿ, ಫ್ಯಾನು ಕಿರುಗುಡಲಿ, ಬಾಗಿಲ ಚಿಲಕ ಬೀಳಲಿ, ಜನ ಹೋಗಿ ನಿಲ್ಲುತ್ತಿದ್ದುದು ಅವರ ಬಾಗಿಲಿಗೆ. ಕ್ಯಾನ್ವಾಸ್ ಚೀಲವೊಂದನ್ನು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. ಕೆಲಸ ಮುಗಿಸಿ ಅದಕ್ಕೆ ಒಮ್ಮೆ ಬೆರಳಿನಿಂದ ತಟ್ಟಿ, ಸದ್ದು ಕೇಳಿಸಿಕೊಂಡು, ಆಮೇಲೆ ಎದ್ದೇಳುತ್ತಿದ್ದರು. ನನ್ನ ಬಾಯಿ ಅವರಿಗೆ ಪರಿಚಯವಾದ ದಿನದಿಂದ ನನಗೆ "ವಕೀಲ್ ಸಾಹೇಬ್" ಎಂಬ ಬಿರುದು. ತಾರಸಿಯ ಆ ಆಂಟೆನಾ ಕಂಬವನ್ನು ನೆಟ್ಟವರೂ ಅವರೇ. ಮೂರು ಕಡೆಗೆ ತಂತಿ ಎಳೆದು ಬಿಗಿದಿದ್ದರು.

ಆ ದಿನ ಅಪ್ಪ ಸೂರತ್‌ಗೆ ಹೋಗಿದ್ದರು. ವಿಮಾ ಕಚೇರಿಯಲ್ಲಿ ನಷ್ಟ ಪರಿಶೀಲಿಸುವ ಕೆಲಸ. ಎಲ್ಲೋ ನೀರು ನುಗ್ಗಿದೆ, ಎಲ್ಲೋ ಛಾವಣಿ ಹಾರಿದೆ ಎಂದರೆ ಅಪ್ಪ ಸೂಟ್‌ಕೇಸ್ ಹಿಡಿದು ಹೊರಡುತ್ತಿದ್ದರು. ಅಮ್ಮ ಬೆಳಿಗ್ಗೆ ಸಂಡಿಗೆ ಇಟ್ಟು ಪಕ್ಕದಲ್ಲಿ ವಾಡಿಕೆಯಂತೆ ಕೊಡೆ ಬಿಚ್ಚಿಟ್ಟಳು. ಗೋರ್ವಾದ ಕಾಗೆಗಳಿಗೆ ತುಮಕೂರಿನ ನಿಯಮಗಳು ಗೊತ್ತಿರಲಿಲ್ಲ. ಮಧ್ಯಾಹ್ನ ಹೋಗಿ ನೋಡಿದರೆ ನಾಲ್ಕು ಕಾಗೆಗಳು ಕೊಡೆಯ ನೆರಳಿನಲ್ಲೇ ತಂಪಾಗಿ ಕುಳಿತು ಸಂಡಿಗೆ ತಿನ್ನುತ್ತಿದ್ದವಂತೆ. ಅಮ್ಮನಿಗೆ ಅವಮಾನವಾಯಿತು. ನೆಲದ ಮೇಲಿರುವುದಕ್ಕೇ ಹೆದರುತ್ತಿಲ್ಲ, ಎತ್ತರದಲ್ಲಿದ್ದರೆ ಹೆದರುತ್ತವೆ ಎಂದು ಲೆಕ್ಕ ಹಾಕಿ, ಕುರ್ಚಿ ತಂದು ಹತ್ತಿ, ಬಿಚ್ಚಿದ ಕೊಡೆಯನ್ನು ದಾದಾ ಅವರ ಕಂಬಕ್ಕೆ ಕಟ್ಟಿ ಬಂದು ಮಲಗಿದಳು.

ಮೂರು ಗಂಟೆಗೆ ಗಾಳಿ ಬಂತು. ಕಿಟಕಿಗಳು ಬಡಿದವು, ಬಾಯಿಯೊಳಗೆಲ್ಲ ಮಣ್ಣಿನ ರುಚಿ. ಮೇಲೆ ಏನೋ ಉರುಳಿದ, ಗಾಜು ಒಡೆದ ಸದ್ದು. ಹತ್ತೇ ನಿಮಿಷ. ಅಮ್ಮನೂ ನಾನೂ ಮೆಟ್ಟಿಲು ಹತ್ತಿ ಹೋದಾಗ ಕಂಬ ಕುಕ್ಕರ್ ಮೇಲೆ ಅಡ್ಡ ಬಿದ್ದಿತ್ತು. ಒಂದು ತಂತಿ ಕಿತ್ತು ಬಂದಿತ್ತು. ಸಂಡಿಗೆಯೂ ಇಲ್ಲ, ಕೊಡೆಯೂ ಇಲ್ಲ. ಪಶ್ಚಿಮದಿಂದ ಬಂದ ಗಾಳಿ, ಪೂರ್ವಕ್ಕೆ ಎಷ್ಟು ದೂರ ಒಯ್ದಿತೋ.

"ಕೊಡೆ ವಿಷಯ ಯಾರ ಹತ್ರಾನೂ ಎತ್ತಬೇಡ ಕಣೇ," ಎಂದಳು ಅಮ್ಮ. ಮುಖ ಬಿಳುಚಿಕೊಂಡಿತ್ತು. "ಊರು ಬಿಟ್ಟು ಊರಿಗೆ ಬಂದಿದೀವಿ. ಮದರಾಸಿಯವರು ಕಂಬಕ್ಕೆ ಕೊಡೆ ಕಟ್ಟಿದ್ರು ಅಂತ ಆಡ್ಕೋತಾರೆ."

"ನಾವು ಮದರಾಸಿಗಳಲ್ಲ."

"ಅದನ್ನ ಆಮೇಲೆ ವಾದ ಮಾಡು."

ಅಪ್ಪ ಮಾರನೆಯ ದಿನ ಬಂದರು. ಊಟಕ್ಕೆ ಕುಳಿತಾಗ ನಾನು ನನ್ನ ಕುತೂಹಲವನ್ನು ಬಡಿಸಿದೆ. ಇಂಥದ್ದಕ್ಕೆ ಕಾನೂನಿನಲ್ಲಿ ಯಾರು ಹೊಣೆ?

"ದೈವಕೃತ್ಯ ಅಂತ ಒಂದಿದೆ," ಎಂದರು ಅಪ್ಪ, ಸಾರು ಕಲಸುತ್ತ. "ಮನುಷ್ಯರ ಕೈ ಎಲ್ಲೂ ಇರಬಾರದು. ಮೊದಲೇ ಊಹಿಸೋಕಾಗಬಾರದು. ಎಷ್ಟು ಎಚ್ಚರ ವಹಿಸಿದ್ರೂ ತಪ್ಪಿಸೋಕಾಗಬಾರದು. ಮೂರೂ ಇದ್ರೆ ಯಾರೂ ಹೊಣೆ ಅಲ್ಲ."

"ಅಂದ್ರೆ ದೇವರೇ ಮಾಡಿದ್ದು ಅಂತ ಸಾಬೀತು ಮಾಡ್ಬೇಕಾ?"

"ದೇವರನ್ನ ಯಾರೂ ಸಾಬೀತು ಮಾಡಲ್ಲಮ್ಮ. ಮನುಷ್ಯರು ಇರಲಿಲ್ಲ ಅಂತ ಸಾಬೀತು ಮಾಡ್ತಾರೆ. ಉಳಿದದ್ದು ದೇವರಿಗೆ."

ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಅನ್ನ ಆರಿಹೋಯಿತು. ಹದಿನಾರನೇ ವಯಸ್ಸಿನಿಂದ ದೇವರಿಲ್ಲ ಎಂದು ಮನೆಯಲ್ಲಿ ಗಲಾಟೆ ಮಾಡಿಕೊಂಡು ಬಂದವಳು ನಾನು. ಕಾನೂನಿನಲ್ಲಿ ದೇವರೆಂದರೆ ಯಾರೂ ಒಪ್ಪಿಕೊಳ್ಳದ ತಪ್ಪುಗಳನ್ನೆಲ್ಲ ಇಟ್ಟುಬರುವ ಒಂದು ಖಾಲಿ ಕೋಣೆ! ಸಮನ್ಸ್ ಇಲ್ಲ, ಪಾಟೀಸವಾಲಿಲ್ಲ. ಇಂಥ ದೇವರಾದರೆ ನನಗೆ ಅಭ್ಯಂತರವಿಲ್ಲ ಎನಿಸಿತು. ಅಮ್ಮನಿಗೆ ಮಾತ್ರ ಸರಿಬರಲಿಲ್ಲ.

"ಗಾಜು ಒಡೆದದ್ದಕ್ಕೂ ಅವನನ್ನ ಎಳೀತೀರಲ್ಲ. ಪಾಪ ಅಲ್ವಾ?"

"ಊಹಿಸೋಕಾಗಲ್ಲ ಅನ್ನೋದನ್ನ ಹೇಗಪ್ಪ ತೀರ್ಮಾನ ಮಾಡ್ತಾರೆ?" ಎಂದು ನಾನು ಬಿಡಲಿಲ್ಲ.

"ಹಳಬರನ್ನ ಕೇಳ್ತಾರೆ. ಹಿಂದೆ ಇಂಥ ಗಾಳಿ ಬಂದಿತ್ತಾ ಅಂತ." ಅಪ್ಪ ಮಜ್ಜಿಗೆ ಹಾಕಿಸಿಕೊಂಡರು. "ಆದ್ರೆ ನನಗೊಂದು ಅರ್ಥ ಆಗ್ತಿಲ್ಲ. ಆ ಕಂಬ ನೋಡಿದೀನಿ. ಮೂರು ತಂತಿ ಕಟ್ಟಿರೋ ಬರೀ ಕಂಬ ಗಾಳಿಗೆ ಬೀಳಲ್ಲ. ಗಾಳಿಗೆ ಹಿಡ್ಕೊಳ್ಳೋಕೆ ಏನಾದ್ರೂ ಸಿಕ್ಕಿರಬೇಕು."

ಅಮ್ಮ ಎದ್ದು ಉಪ್ಪಿನಕಾಯಿ ತರಲು ಹೋದಳು. ಉಪ್ಪಿನಕಾಯಿ ಆಗಲೇ ತಟ್ಟೆಯಲ್ಲಿತ್ತು.

ಆಗ ನನಗೆ ಲಾಡಿ ನೆನಪಾಯಿತು. ಅಮ್ಮ ಕೊಡೆಯನ್ನು ಕಂಬಕ್ಕೆ ಕಟ್ಟಿದ್ದು ಹಳೆಯ ಲಂಗದ ಲಾಡಿಯಿಂದ, ಎರಡೆರಡು ಗಂಟು ಹಾಕಿ. ಕೊಡೆ ಹಾರಿಹೋದರೂ ಲಾಡಿ ಕಂಬದಲ್ಲೇ ಉಳಿದಿರಬಹುದು. ನಾನು ಬಟ್ಟೆ ಒಣಹಾಕುವ ನೆಪ ಮಾಡಿಕೊಂಡು ಮೇಲೆ ಓಡಿದೆ. ಕಂಬವನ್ನು ಯಾರೋ ಗೋಡೆಗೆ ಒರಗಿಸಿಟ್ಟಿದ್ದರು. ಬುಡದಿಂದ ತುದಿಯವರೆಗೆ ನೋಡಿದೆ. ಲಾಡಿ ಇರಲಿಲ್ಲ. ಕಟ್ಟಿದ್ದ ಜಾಗದಲ್ಲಿ ಒಂದು ಬೆರಳಿನಷ್ಟು ಅಗಲಕ್ಕೆ ತುಕ್ಕು ಉಜ್ಜಿಹೋಗಿ ಕಬ್ಬಿಣ ಹೊಳೆಯುತ್ತಿತ್ತು, ಅಷ್ಟೇ. ಗಾಳಿಯೇ ಒಯ್ದಿತು ಎಂದುಕೊಂಡು, ಗಾಳಿಗೆ ಮನಸ್ಸಿನಲ್ಲೇ ಕೃತಜ್ಞತೆ ಹೇಳಿ ಕೆಳಗಿಳಿದೆ.

ಭಾನುವಾರ ಬೆಳಿಗ್ಗೆ ಸ್ಕೂಟರು ನಿಲ್ಲಿಸುವ ಜಾಗದಲ್ಲಿ ಸೊಸೈಟಿಯ ಮೀಟಿಂಗು. ಪ್ಲಾಸ್ಟಿಕ್ ಕುರ್ಚಿಗಳು, ಸ್ಟೀಲ್ ಲೋಟಗಳಲ್ಲಿ ಜೀರಿಗೆ ಹಾಕಿದ ಮಜ್ಜಿಗೆ. ಕೋಕಿಲಾಬೇನ್ ಅವರ ಗಂಡ ರಮೇಶ್‌ಭಾಯ್ ಸೊಸೈಟಿಯ ಸೆಕ್ರೆಟರಿ. ಅವರೇ ದೂರುದಾರರು, ಅವರೇ ಅಧ್ಯಕ್ಷರು. ನಾನು ಅದಕ್ಕೇ ಮೊದಲ ಆಕ್ಷೇಪಣೆ ಎತ್ತಿದೆ.

"ಅರೆ ದೀಕ್ರಿ, ಕೂತ್ಕೋ," ಎಂದು ಮಗಳಿಗೆ ಹೇಳುವ ಹಾಗೆ ಹೇಳಿದರು ರಮೇಶ್‌ಭಾಯ್. ನನಗೆ ಮಜ್ಜಿಗೆ ಕೊಡಿಸಿದರು. ಹಿಂದಿ, ಗುಜರಾತಿ ಬೆರೆತ ಮೀಟಿಂಗು ಮುಂದುವರಿಯಿತು. ಕಂಬ ಯಾರದ್ದು? ಭರತ್‌ಭಾಯ್ ಮನೆಯದ್ದು. ಭರತ್‌ಭಾಯ್ ಎಂದರೆ ದಾದಾ ಅವರ ಮಗ. ಬಿದ್ದದ್ದು ಕಂಬ, ಒಡೆದದ್ದು ಕುಕ್ಕರ್, ಹಾಗಾಗಿ ಸರಿಮಾಡಿಸಿ ಕೊಡಬೇಕು.

ದಾದಾ ಮೂಲೆಯ ಕುರ್ಚಿಯಲ್ಲಿ ಕುಳಿತಿದ್ದರು. ಅವರ ಪರ ವಾದಿಸುತ್ತೇನೆ ಎಂದು ನಾನು ಎದ್ದೆ. ನಿಜ ಹೇಳಬೇಕೆಂದರೆ ಎಲ್ಲರ ಪರವಾಗಿ ಎದ್ದಿದ್ದೆ. ದೈವಕೃತ್ಯವೆಂದು ತೀರ್ಮಾನವಾಗಿಬಿಟ್ಟರೆ ದಾದಾಗೆ ಹೊಣೆಯಿಲ್ಲ, ಅಮ್ಮನ ಕೊಡೆಯನ್ನು ಹುಡುಕುವವರಿಲ್ಲ. ಇಂಥ ಅಚ್ಚುಕಟ್ಟಾದ ವಾದ ನನಗೆ ಯಾವ ಸ್ಪರ್ಧೆಯಲ್ಲೂ ಸಿಕ್ಕಿರಲಿಲ್ಲ. ಅಪ್ಪನ ಮೂರು ಷರತ್ತುಗಳನ್ನು ಹಿಂದಿಯಲ್ಲಿ ಬಿಡಿಸಿ ಹೇಳಿದೆ. ಜನ ತಲೆದೂಗಿದರು. ಭರತ್‌ಭಾಯ್ ಮುಖ ಅರಳಿತು.

"ಅದೆಲ್ಲ ಸರಿ," ಎಂದರು ರಮೇಶ್‌ಭಾಯ್. "ಮೇ ತಿಂಗಳಲ್ಲಿ ಧೂಳುಗಾಳಿ ಬರೋದು ಯಾರಿಗೆ ಗೊತ್ತಿಲ್ಲ? ಊಹಿಸೋಕಾಗಲ್ಲ ಅಂದ್ರೆ ಹೇಗೆ?"

ಇದಕ್ಕೇ ಕಾದಿದ್ದೆ. ಚರ್ಚೆಯಲ್ಲಿ ನನಗೆ ಬಹುಮಾನಗಳನ್ನು ತಂದುಕೊಟ್ಟ ಒಂದು ವರಸೆ ಇತ್ತು. ಎದುರಾಳಿಯ ಮುಂದೆ ಎರಡೇ ದಾರಿ ಇಡುವುದು, ಒಂದರಲ್ಲಿ ಅವನಿಗೆ ಹೆಜ್ಜೆಯಿಡಲು ನಾಚಿಕೆಯಾಗುವಂತೆ ಮಾಡುವುದು.

"ಇಲ್ಲಿ ಎಲ್ಲರಿಗಿಂತ ಹಿರಿಯರು ದಾದಾ," ಎಂದೆ. "ಅವರನ್ನೇ ಕೇಳೋಣ. ಎಷ್ಟೋ ಗಾಳಿ ಬಂದಿದೆ, ಆ ಕಂಬ ಬಿದ್ದಿರಲಿಲ್ಲ. ಈ ಸಲ ಬಿತ್ತು. ಅಂದ್ರೆ ಎರಡೇ ಸಾಧ್ಯತೆ. ಒಂದೋ ಇಂಥ ಗಾಳಿ ಹಿಂದೆ ಬಂದೇ ಇರಲಿಲ್ಲ. ಇಲ್ಲಾ ದಾದಾ ಅವರ ಕೆಲಸ ಸರಿಯಿರಲಿಲ್ಲ. ದಾದಾ ಅವರ ಕೆಲಸ ಸರಿಯಿಲ್ಲ ಅನ್ನೋ ಧೈರ್ಯ ಇಲ್ಲಿ ಯಾರಿಗಿದೆ?"

ಯಾರಿಗೂ ಇರಲಿಲ್ಲ. ಯಾರೋ ಚಪ್ಪಾಳೆ ತಟ್ಟಿದ ನೆನಪು. ನಾನು ಗೆದ್ದವಳ ಹಾಗೆ ದಾದಾ ಕಡೆಗೆ ತಿರುಗಿದೆ. "ಹೇಳಿ ದಾದಾ. ಇಂಥ ಗಾಳಿ ನೋಡಿದ್ರಾ ಮುಂಚೆ?"

ದಾದಾ ಮಜ್ಜಿಗೆಯ ಲೋಟವನ್ನು ನೆಲಕ್ಕಿಟ್ಟರು. ಒಮ್ಮೆ ನನ್ನ ಕಡೆ, ಒಮ್ಮೆ ಅಮ್ಮನ ಕಡೆ ನೋಡಿದರು. ಅಥವಾ ಅಮ್ಮನ ಹಿಂದೆ ಇದ್ದ ಗೋಡೆಯ ಕಡೆ.

"ನೋಡಿದೀನಿ ವಕೀಲ್ ಸಾಹೇಬ್," ಎಂದರು. "ಗಾಳಿ ಹೊಸದೇನಲ್ಲ. ಇದಕ್ಕಿಂತ ಜೋರಿನದೂ ಬಂದಿತ್ತು. ನನ್ನ ಕೈಯೇ ಸಡಿಲ ಆಗಿದೆ. ಬಿಗಿ ಮಾಡಿದ್ದು ಸಾಲಲಿಲ್ಲ."

ನನ್ನ ಸಾಕ್ಷಿಯೇ ನನ್ನ ವಾದವನ್ನು ಮುಗಿಸಿದರು. ಹೊಸ ಗಾಜು, ಕನ್ನಡಿ ಹಾಕಿಸಿಕೊಡುತ್ತೇನೆ ಎಂದು ಭರತ್‌ಭಾಯ್ ಒಪ್ಪಿದರು. ಐದು ನಿಮಿಷದಲ್ಲಿ ಮೀಟಿಂಗು ಮುಗಿದು ಜನ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸತೊಡಗಿದರು. "ಬಾಪುಜಿ, ನಾನು ಹೇಳಿರಲಿಲ್ವಾ, ಈ ವಯಸ್ಸಿಗೆ ಏಣಿ ಹತ್ತೋದು ಬೇಡ ಅಂತ" ಎಂದು ಭರತ್‌ಭಾಯ್ ಮೆಲ್ಲಗೆ ಹೇಳುತ್ತಿದ್ದದ್ದು ನನಗೆ ಕೇಳಿಸಿತು. ಬಯ್ಯುವ ದನಿಯಲ್ಲ. ಬೈದಿದ್ದರೇ ಚೆನ್ನಾಗಿತ್ತು.

ನಾನು ಇಟ್ಟಿದ್ದು ಎರಡು ದಾರಿ. ಮೂರನೆಯದೊಂದು ಇತ್ತು. ಅದು ಗೊತ್ತಿದ್ದವರು ಆ ಸಭೆಯಲ್ಲಿ ಇಬ್ಬರು, ಬಾಯಿ ಬಿಡಲಿಲ್ಲ. ಇಬ್ಬರೋ ಮೂವರೋ ಎನ್ನುವುದೇ ಆಮೇಲೆ ನನ್ನನ್ನು ಕಾಡತೊಡಗಿದ್ದು.

ಜೂನ್‌ನಲ್ಲಿ ಮೊದಲ ಮಳೆ ಬಿದ್ದ ದಿನ ಅಪ್ಪ ಆಫೀಸಿಗೆ ಹೊರಟು ಬಾಗಿಲ ಹಿಂದೆ ಕೈ ಹಾಕಿದರು. "ನನ್ನ ಕೊಡೆ ಎಲ್ಲೇ?" ಅಪ್ಪ ಅಟ್ಟ ನೋಡಿದರು, ಮಂಚದ ಕೆಳಗೆ ನೋಡಿದರು, ಆಮೇಲೆ ಅಮ್ಮನ ಮುಖ ನೋಡಿದರು. ಸೂರತ್‌ನ ಎಷ್ಟೋ ಗೋದಾಮುಗಳಲ್ಲಿ ಬೇರೆಯವರ ಮುಖ ನೋಡಿ ಬಂದವರು. ಚಪ್ಪಲಿ ಬಿಚ್ಚಿ ಕುರ್ಚಿಯ ಮೇಲೆ ಕುಳಿತರು.

"ಕಂಬಕ್ಕಾ?"

"ಕಾಗೆಗೆ," ಎಂದಳು ಅಮ್ಮ. ಅಲ್ಲಿಗೆ ಅಳು ಬಂತು.

"ಹಾಗಾದ್ರೆ ದೈವಕೃತ್ಯ ಅಲ್ಲ ಇದು. ಹೋಗಿ ಹೇಳ್ಬಿಡು."

"ಈಗ ಹೇಳಿದ್ರೆ, ಆವಾಗ ಯಾಕೆ ಹೇಳಲಿಲ್ಲ ಅಂತಾರೆ. ಇವಳು ಬೇರೆ ಅಷ್ಟುದ್ದ ಭಾಷಣ ಮಾಡಿದಾಳೆ."

ತುಂಬಿದ ಸಭಾಂಗಣದಲ್ಲಿ ಯಾವ ವಿಷಯ ಕೊಟ್ಟರೂ ಪರವೋ ವಿರೋಧವೋ ನಿಲ್ಲಿಸದೆ ಮಾತಾಡುವ ನನಗೆ, ಮೂರು ಮಹಡಿ ಇಳಿದು ಮೂರು ವಾಕ್ಯ ಹೇಳಿ ಬರಲು ಆಗಲಿಲ್ಲ. ಇವತ್ತು ಬೇಡ, ಭರತ್‌ಭಾಯ್ ಮನೆಯಲ್ಲಿದ್ದಾರೆ. ನಾಳೆ ಬೇಡ, ಏಕಾದಶಿ. ಏಕಾದಶಿಯನ್ನು ನಂಬದವಳಿಗೆ ಅದೂ ಒಂದು ನೆಪ.

ಅಷ್ಟರಲ್ಲಿ ದಾದಾ ಅವರ ಮನೆಗೆ ಕೇಬಲ್ ಬಂತು. ಕಂಬವನ್ನು ಗುಜರಿಗೆ ಹಾಕಿದರು. ಕುಕ್ಕರ್ ತಿರುಗಿಸಲು ಕೋಕಿಲಾಬೇನ್ ಮಂಡಿ ಹಿಡಿದುಕೊಂಡು ತಾವೇ ಹತ್ತತೊಡಗಿದರು. "ವಯಸ್ಸಾದವರಿಗೆ ಯಾಕೆ ತೊಂದರೆ" ಎಂಬ ಮಾತು ಸೊಸೈಟಿಯಲ್ಲಿ ಹೇಗೋ ಹಬ್ಬಿತು. ನಲ್ಲಿ ಸೋರಿದರೆ ಜನ ಬಜಾರಿನ ಪ್ಲಂಬರ್‌ನನ್ನು ಕರೆತಂದರು. ಅವನು ದಾದಾ ಅವರ ಬಾಗಿಲ ಮುಂದೆಯೇ ಹಾದು ಹೋಗಬೇಕಿತ್ತು.

ಅಮ್ಮ ತನಗೆ ತೋಚಿದ ಪ್ರಾಯಶ್ಚಿತ್ತಕ್ಕೆ ತೊಡಗಿದಳು. ನಮ್ಮ ಮನೆಯಲ್ಲಿ ವಸ್ತುಗಳು ಕೆಡತೊಡಗಿದವು. ಚೆನ್ನಾಗಿದ್ದ ಮಿಕ್ಸಿಯ ಸ್ಕ್ರೂ ಒಂದನ್ನು ಅಮ್ಮ ಚಾಕುವಿನಿಂದ ಸಡಿಲ ಮಾಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡೆ. ಅದನ್ನು ಸೆರಗಿನಲ್ಲಿ ಹಿಡಿದು ಕೆಳಗೆ ಹೋದಳು, ಜೊತೆಗೆ ನಾನು. ದಾದಾ ಉಯ್ಯಾಲೆಯಲ್ಲಿ ಕುಳಿತಿದ್ದವರು ಮಿಕ್ಸಿ ನೋಡಿ ಕೈ ಚಾಚಿದರು. ಒಳಗಿನಿಂದ ಭರತ್‌ಭಾಯ್ ಬಂದು ಅದನ್ನು ನಡುವೆಯೇ ತೆಗೆದುಕೊಂಡರು. "ಬೇನ್, ಬಾಪುಜಿಗೆ ಈಗ ಕೈ ನಡೆಯಲ್ಲ. ಕರೆಂಟಿನ ಸಾಮಾನು ಬೇರೆ. ನಾನು ಅಂಗಡಿಗೆ ಕೊಟ್ಟು ಬರ್ತೀನಿ." ದಾದಾ ಚಾಚಿದ ಕೈಯನ್ನು ಉಯ್ಯಾಲೆಯ ಸರಪಳಿಯ ಮೇಲಿಟ್ಟುಕೊಂಡರು. ಕ್ಯಾನ್ವಾಸ್ ಚೀಲ ಅಟ್ಟದ ಮೇಲೆ, ಹಾಸಿಗೆಗಳ ಹಿಂದೆ, ಪಟ್ಟಿಯಷ್ಟೇ ಕಾಣುತ್ತಿತ್ತು.

ಆ ವರ್ಷವೆಲ್ಲ ನಾನು ನನ್ನೊಳಗೇ ಮೊಕದ್ದಮೆ ನಡೆಸಿದೆ. ಅಮ್ಮ ಕೊಡೆ ಕಟ್ಟಿದ್ದು ಒಂದೂವರೆಗೋ ಎರಡಕ್ಕೋ, ಅವಳಿಗೇ ನೆನಪಿಲ್ಲ. ದಾದಾ ಕುಕ್ಕರ್ ತಿರುಗಿಸಲು ಹೋಗುತ್ತಿದ್ದುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಮೊದಲು ಹೋಗಿದ್ದರೆ ಅವರು ಕೊಡೆ ನೋಡಿಲ್ಲ, ತಮ್ಮ ಕೈ ಸಡಿಲವಾಗಿದೆ ಎಂದೇ ನಂಬಿದ್ದಾರೆ. ಆಮೇಲೆ ಹೋಗಿದ್ದರೆ ನೋಡಿದ್ದಾರೆ. ನೋಡಿದ ಫಿಟ್ಟರ್‌ಗೆ ಬಿಚ್ಚಿದ ಕೊಡೆ ಕಂಬಕ್ಕೆ ಏನು ಮಾಡುತ್ತದೆ ಎಂದು ಹೇಳಿಕೊಡಬೇಕಿಲ್ಲ. ಹಾಗಾದರೆ ಬಿಚ್ಚಿಹಾಕದೆ ಬಿಟ್ಟದ್ದೇ ತಮ್ಮ ತಪ್ಪು ಎಂದುಕೊಂಡರೇ? ಇಲ್ಲವೇ, ಬಿದ್ದ ಕಂಬವನ್ನು ಗೋಡೆಗೆ ಒರಗಿಸುವಾಗ ಲಾಡಿ ನೋಡಿ ಎಲ್ಲ ಅರ್ಥಮಾಡಿಕೊಂಡರೇ? ಗಾಳಿ ಎರಡೆರಡು ಗಂಟುಗಳನ್ನು ಬಿಚ್ಚುತ್ತದೆಯೇ? ಲಾಡಿ ಹಳೆಯದು, ಹರಿದೂ ಹೋಗಿರಬಹುದು. ಒಂದು ಪ್ರಶ್ನೆಗೂ ನನ್ನ ಬಳಿ ಸಾಕ್ಷ್ಯವಿರಲಿಲ್ಲ. ಮನುಷ್ಯರಿರಲಿಲ್ಲ ಎಂದು ಸಾಬೀತು ಮಾಡಲು ಹೊರಟವಳಿಗೆ ಎಲ್ಲಿ ನೋಡಿದರೂ ಮನುಷ್ಯರ ಕೈಗಳೇ ಕಾಣುತ್ತಿದ್ದವು.

ಮುಂದಿನ ಏಪ್ರಿಲ್‌ನಲ್ಲಿ ಅಪ್ಪನಿಗೆ ಅಹಮದಾಬಾದಿಗೆ ವರ್ಗವಾಯಿತು. ಅಲ್ಲಿನ ಸ್ಯಾಟಲೈಟ್ ಬಡಾವಣೆಯಲ್ಲಿ ಮನೆ ಗೊತ್ತಾಗಿತ್ತು. ಬೆಳಿಗ್ಗೆ ಲಾರಿಗೆ ಸಾಮಾನು ತುಂಬುತ್ತಿದ್ದರು. ಅಮ್ಮ ಕೋಕಿಲಾಬೇನ್ ಅವರನ್ನು ತಬ್ಬಿಕೊಂಡು ಅಳುತ್ತಿದ್ದಳು. ನಾನು ನೆಲಮಹಡಿಯ ಬಾಗಿಲಿಗೆ ಹೋದೆ. ಭರತ್‌ಭಾಯ್ ಕೆಲಸಕ್ಕೆ ಹೋಗಿದ್ದರು. ದಾದಾ ಉಯ್ಯಾಲೆಯಲ್ಲಿ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದರು. ನಾನು ಕಾಲಿಗೆ ನಮಸ್ಕರಿಸಿದೆ. ದೇವರಿಗೆ ಮಾಡದ್ದನ್ನು ಅವರಿಗೆ ಮಾಡಿದೆ.

"ವಕೀಲ್ ಸಾಹೇಬ್ ಹೊರಟರಾ?" ಎಂದರು. "ಅಲ್ಲಿ ಯಾರ ಪರ ವಾದ?"

ಒಂದು ವರ್ಷ ತಿದ್ದಿ ತಿದ್ದಿ ಇಟ್ಟುಕೊಂಡಿದ್ದ ಪೀಠಿಕೆಯನ್ನೆಲ್ಲ ಬಿಟ್ಟುಬಿಟ್ಟೆ. ಅವರ ಬೆರಳುಗಳನ್ನು ನೋಡಿದೆ. ಒಂದೊಂದೇ ಕಾಯಿ ಬಿರಿದು, ಬೀಜ ಒಂದೂ ಹೊರಗೆ ಸಿಡಿಯದೆ ಪಾತ್ರೆಗೆ ಬೀಳುತ್ತಿತ್ತು. ಸಡಿಲವಾದ ಕೈಗಳ ಹಾಗೆ ಕಾಣಲಿಲ್ಲ.

"ದಾದಾ," ಎಂದೆ, "ಕಂಬಕ್ಕೆ ಕೊಡೆ ಕಟ್ಟಿದ್ದು ನಮ್ಮಮ್ಮ. ಅವತ್ತು ಮೀಟಿಂಗಿನಲ್ಲಿ ನಿಮ್ಮ ಕೈ ಸಡಿಲ ಅಂದಿರಲ್ಲ, ಅದು ನಿಜ ಅಂತ ನಂಬಿ ಹೇಳಿದ್ರಾ, ಇಲ್ಲಾ ಅಮ್ಮನ ಮುಖ ನೋಡಿ ಹೇಳಿದ್ರಾ?"